ಬಂದರು ಮಾವನ ಮೂರು ಡಬ್ಬಿಗಳು

ಬಂದರು ಮಾವ ಒಮ್ಮೆ ಮುಳುಗುತ್ತಿದ್ದ ಹಡಗಿನ ಕೆಟ್ಟುಹೋದ ಸಿಗ್ನಲನ್ನು ಒಂದು ಹಲ್ಲುಕಡ್ಡಿಯಿಂದ ಸರಿಮಾಡಿ, ಮುನ್ನೂರು ಪ್ರಯಾಣಿಕರನ್ನೂ ಒಂದು ಬೆಕ್ಕನ್ನೂ ದಡ ಮುಟ್ಟಿಸಿದ್ದ. ಕಥೆ ಅವನದೇ. ಬೆಕ್ಕನ್ನು ಯಾರೂ ವಿಚಾರಿಸಿರಲಿಲ್ಲ.

ಅಂಥ ಮಾವ ಈ ಭಾನುವಾರ ಮಧ್ಯಾಹ್ನ ಎರಡೂವರೆಗೆ, ಅಂಗೈಯಗಲದ ಬಿಳಿ ಡಬ್ಬಿಯೊಂದನ್ನು ಕಂಕುಳಲ್ಲಿ ಅವುಚಿಕೊಂಡು, ಅಕ್ಕನ ಮನೆಯ ಮೆಟ್ಟಿಲನ್ನು ಎಪ್ಪತ್ತನೆಯ ಸಲ ಹತ್ತುತ್ತಿದ್ದ. ಅಂಗಿ ಬೆನ್ನಿಗೆ ಅಂಟಿತ್ತು. ಹಳೆಯ ವೈಫೈ ಮಹಡಿ ತಲುಪುತ್ತಿರಲಿಲ್ಲವೆಂದು ಅಕ್ಕ ಮೂರು ಡಬ್ಬಿಗಳ ಹೊಸದನ್ನು ತಂದಿದ್ದಳು. ಕೆಳಗೆ ಹಜಾರದಲ್ಲೊಂದು, ಮೆಟ್ಟಿಲ ತಿರುವಿನಲ್ಲೊಂದು, ಮಹಡಿಯ ಕೋಣೆಯಲ್ಲೊಂದು. ಜೋಡಿಸುವ ಕೆಲಸಕ್ಕೆ ಬೇರೆ ಯಾರೂ ಕೈಹಾಕಕೂಡದೆಂದು ಮಾವ ಬೆಳಗ್ಗೆಯೇ ಅಪ್ಪಣೆ ಹೊರಡಿಸಿದ್ದ. ಪಾಸ್‌ವರ್ಡೂ ಅವನ ಬಳಿಯೇ, ಆ್ಯಪೂ ಅವನ ಮೊಬೈಲಿನಲ್ಲೇ.

ನಾಲ್ಕಕ್ಕೆ ಮಹಡಿಯ ಕೋಣೆಯಲ್ಲಿ ವಿಡಿಯೊ ಕರೆ. ಅಕ್ಕನ ಮಗಳು ಮೆಚ್ಚಿದ ಹುಡುಗನ ತಂದೆತಾಯಿ ಸಮುದ್ರದಾಚೆಯಿಂದ ಮೊದಲ ಬಾರಿ ಮಾತಾಡುವವರಿದ್ದರು. ಅವರ ಭಾಷೆ ಇವರಿಗೆ ಬಾರದು, ಇವರದು ಅವರಿಗೆ ಬಾರದು. ಎರಡೂ ಬಲ್ಲ ಹುಡುಗ ತಾನೇ ನಡುವೆ ಕೂರುತ್ತೇನೆ ಎಂದಿದ್ದ. ಮಾವ ಒಪ್ಪಲಿಲ್ಲ. ವರನೇ ದುಭಾಷಿಯಾದರೆ ಬೈಗುಳವೂ ಹೊಗಳಿಕೆಯಾಗಿ ಬಂದೀತು, ಏಳು ವರ್ಷ ಅವರ ಬಂದರಿನಲ್ಲಿ ನೀರು ಕುಡಿದ ನಾನೇನು ಸತ್ತಿದ್ದೇನೆಯೇ ಎಂದಿದ್ದ. ಅಕ್ಕನಿಗೆ ಅದು ಹಿಡಿಸಿತು. ಹುಡುಗ ದೂರವೇ ಉಳಿಯಲಿ ಎಂದಳು. ಇವತ್ತು ಹಿರಿಯರು ಮುಖ ನೋಡಿ ಮಾತಾಡದೆ ಹೋದರೆ ಈ ಸಂಬಂಧದ ಸುದ್ದಿಯನ್ನೇ ಎತ್ತಬಾರದೆಂದೂ ಮಗಳಿಗೆ ಹೇಳಿಬಿಟ್ಟಳು.

ಅಕ್ಕ ಆಡಿದ ಮಾತು ತಪ್ಪುವವಳಲ್ಲ. ಅದು ಮಾವನಿಗೂ ಗೊತ್ತಿತ್ತು. ಸೋದರಸೊಸೆಯ ಮುಖ ಕಂಡಾಗಲೆಲ್ಲ ಅವನು ಡಬ್ಬಿ ಎತ್ತಿಕೊಂಡು ಬೇರೆ ಕಡೆ ತಿರುಗುತ್ತಿದ್ದ.

ಹಜಾರದ ಡಬ್ಬಿಯ ಪಕ್ಕ ಅಕ್ಕ ಮೇಜು ಹಾಕಿಕೊಂಡು ಪರದೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಮಹಡಿಯ ಡಬ್ಬಿಯ ಪಕ್ಕ ಮಗಳು ಕುರ್ಚಿ ಜೋಡಿಸುತ್ತಿದ್ದಳು. ಮಾವನ ಕೈಗೆ ಸಿಕ್ಕಿದ್ದು ನಡುವಿನದೊಂದೇ. ಅದರ ಮೇಲೆಯೇ ಅವನು ತನ್ನ ಸಕಲ ವಿದ್ಯೆಯನ್ನೂ ಪ್ರಯೋಗಿಸಿದ. ಫ್ರಿಜ್ಜಿನ ಹಿಂದಿಟ್ಟು ನೋಡಿದ. ನಿಲುಗನ್ನಡಿಯ ಬೆನ್ನಿಗಿಟ್ಟು ನೋಡಿದ. ನೀರಿನ ತೊಟ್ಟಿಯ ಬುಡದಲ್ಲಿಟ್ಟು ನೋಡಿದ. ಪ್ರತಿ ಸಲವೂ ಮೊಬೈಲ್ ತೆಗೆದು ನೋಡುವುದು, ಹಲ್ಲು ಕಡಿಯುವುದು, ಮತ್ತೆ ಡಬ್ಬಿ ಎತ್ತುವುದು. ಇಂಥ ಹಟಮಾರಿ ಯಂತ್ರ ಏಳು ಸಮುದ್ರಗಳಲ್ಲೂ ಇಲ್ಲವೆಂದು ಗೊಣಗಿದ.

"ಹಡಗು ಎತ್ತಿದವನಿಗೆ ಒಂದು ಡಬ್ಬಿ ಬಗ್ತಿಲ್ವೇನೋ?" ಅಕ್ಕ ಇಸ್ತ್ರಿಪೆಟ್ಟಿಗೆಯಿಂದ ಕಣ್ಣೆತ್ತದೆ ಕೇಳಿದಳು.

ಮಾವ ಹಿತ್ತಲಿಗೆ ಹೋಗಿ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದ. ಸಿಗ್ನಲ್ಲಿಗೆ ಯಾವುದು ಯಾವುದು ಆಗಿಬರುವುದಿಲ್ಲ ಎಂದು ವಿಚಾರಿಸಿದ. ಆಚೆಯ ಹುಡುಗಿ ಕಬ್ಬಿಣ, ನೀರು, ಕನ್ನಡಿ ಎಂದು ಸಾವಧಾನವಾಗಿ ಹೇಳಿದಳು. ಅದೆಲ್ಲ ನೋಡಿಯಾಯಿತು, ಕಬ್ಬಿಣವೊಂದು ಬಾಕಿ ಎಂದ. ಇವು ಜಾಣ ಡಬ್ಬಿಗಳು, ಒಂದು ಕೈಬಿಟ್ಟರೆ ಉಳಿದವೆರಡು ತಾವೇ ದಾರಿ ಹುಡುಕಿಕೊಳ್ಳುತ್ತವೆ ಎಂದು ಅವಳು ಧೈರ್ಯ ತುಂಬಿದಳು.

"ಒಂದು ಪೂರ್ತಿ ಸತ್ತೇಹೋದ್ರೂ?"

"ಪೂರ್ತಿ ಹೋದ್ರೂ ಸರ್. ನೀವು ನಿಶ್ಚಿಂತೆಯಾಗಿರಿ."

ಮಾವ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ.

ಮೂರೂವರೆಗೆ ಸೊಸೆ ಮೆಟ್ಟಿಲ ಮೇಲೆ ಅವನನ್ನು ತಡೆದಳು. ಬೆಳಗಿನಿಂದ ಅವನು ಊಟಕ್ಕೂ ಕೂತಿಲ್ಲವೆಂದು ಕೈಯಲ್ಲಿ ಹಾಲಿನ ಲೋಟ ಹಿಡಿದಿದ್ದಳು. "ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ ಮಾವ. ನಂಗೆ ಬೇಜಾರಿಲ್ಲ. ಅವನನ್ನೇ ಕರೀತೀನಿ, ಅಮ್ಮನ ಕಾಲು ಹಿಡೀತೀನಿ."

ಮಾವನ ಬಾಯಿ ತೆರೆಯಿತು. ಬೇರೇನೋ ಬರಬೇಕಿತ್ತು. ಬಂದದ್ದು ಮಾತ್ರ ಹಳೆಯ ಚಾಳಿಯ ಮಾತು. "ಆಗಲ್ಲ ಅನ್ನೋದು ನನ್ನ ಬಾಯಲ್ಲಿ ಯಾವತ್ತಾದ್ರೂ ಬಂದಿದ್ದುಂಟಾ ಪುಟ್ಟಿ?"

ಹಾಲು ಕುಡಿದು, ಡಬ್ಬಿಗೆ ಕೊನೆಯದೊಂದು ಜಾಗ ಹುಡುಕಿ, ಕೈ ಒರೆಸಿಕೊಂಡು ಮಹಡಿಗೆ ಬಂದು ಲ್ಯಾಪ್‌ಟಾಪಿನ ಮುಂದೆ ಅಕ್ಕನ ಪಕ್ಕ ಕೂತ.

ನಾಲ್ಕಕ್ಕೆ ಎರಡು ನಿಮಿಷವಿರುವಾಗ ಅಕ್ಕ ಶಾಲು ಬೇಕೆಂದಳು. ಮಗಳು ತರಲು ಹೋದಳು. ಅಷ್ಟರಲ್ಲಿ ಲ್ಯಾಪ್‌ಟಾಪ್ ಗಂಟಲು ಬಿಟ್ಟು ಕೂಗಿತು. ತೆರೆಯ ಮೇಲೆ ಹುಡುಗನ ತಂದೆತಾಯಿ ಮೂಡಿದರು. ತಂದೆಯ ಮೀಸೆಯ ಕೂದಲನ್ನು ಒಂದೊಂದಾಗಿ ಎಣಿಸಬಹುದಿತ್ತು, ತಾಯಿಯ ಬಳೆಯ ಸದ್ದು ಈ ಕೋಣೆಯಲ್ಲೇ ಆದಂತಿತ್ತು. ತಂದೆ ಎದೆಯ ಮೇಲೆ ಕೈಯಿಟ್ಟು ನಿಧಾನವಾಗಿ, ಒಂದೊಂದೇ ಮಾತನ್ನು ತೂಗಿ, ಬಹಳ ಹೊತ್ತು ಏನೋ ಹೇಳಿದ. ಹೇಳಿ ಮುಗಿಸಿ ಕಣ್ಣೊರೆಸಿಕೊಂಡ.

ಅಕ್ಕ ಮಾವನತ್ತ ತಿರುಗಿದಳು. ಮಾವ ತೆರೆಯನ್ನೇ ನೋಡುತ್ತಿದ್ದ.

"ಕೇಳಿಸ್ತಿಲ್ಲ," ಎಂದ. ಇಡೀ ಬೀದಿಗೇ ಕೇಳಿಸಿತ್ತು.

ಬಾಗಿಲಲ್ಲಿ ಸೊಸೆ ನಿಂತಿದ್ದಳು. ತೋಳಿನ ಮೇಲೆ ಶಾಲು, ಕೈಯಲ್ಲಿ ನಡುವಿನ ಡಬ್ಬಿ. "ಇದನ್ಯಾಕೆ ಮಾವ ಕಬ್ಬಿಣದ ಬೀರುವಿನಲ್ಲಿ ಕಂಬಳಿ ಸುತ್ತಿ ಬೀಗ ಹಾಕಿದ್ರಿ?"

ಮಾವ ಎದ್ದು ನಿಂತ. ಆಮೇಲೆ ಯಾವ ಹಡಗನ್ನೂ ಎತ್ತದ, ಯಾವ ಬೆಕ್ಕನ್ನೂ ಉಳಿಸದ ದನಿಯಲ್ಲಿ ಹೇಳಿದ.

"ಆ ಹುಡುಗನ್ನೇ ಕರಿ ಪುಟ್ಟಿ; ಬೆಳಗಿನಿಂದ ನಾನು ಹೆಣಗಿದ್ದು ಇದನ್ನ ನಡೆಸೋಕಲ್ಲ, ಕೆಡಿಸೋಕೆ... ಆ ಏಳು ವರ್ಷಾನೂ ನಾನು ನಮ್ಮವರದ್ದೇ ಹೋಟ್ಲಲ್ಲಿ ಪಾತ್ರೆ ತೊಳೆದಿದ್ದು, ಅವರ ಭಾಷೆ ನಂಗೆ ಒಂದಕ್ಷರಾನೂ ಬರಲ್ಲ."