ಹಸಿರು ಮೆಟ್ಟಿಲು

ಮೂರನೆಯ ಮಹಡಿಯ ತಿರುವಿಗೆ ಬರುವಷ್ಟರಲ್ಲಿ ಎಲೆ ಸಾಹೇಬರ ಉಳುಕಿದ ಕಾಲು ಕೈಕೊಟ್ಟಿತು. ಕಂಬಿ ಹಿಡಿದು ಮೆಲ್ಲಗೆ ಮೆಟ್ಟಿಲ ಮೇಲೆಯೇ ಕುಕ್ಕರಿಸಿದರು. ಕಚೇರಿ ಇದ್ದದ್ದು ಐದನೆಯ ಮಹಡಿಯಲ್ಲಿ. ಬಗಲಚೀಲದಲ್ಲಿ ಅವರೇ ಬರೆದು ಸಹಿ ಹಾಕಿದ ವರದಿಯಿತ್ತು. ಅದು ಮಧ್ಯಾಹ್ನ ಒಂದು ಗಂಟೆಯೊಳಗೆ ನಿರ್ದೇಶಕರ ಮೇಜಿನ ಮೇಲಿರಬೇಕಿತ್ತು. ಅದರ ಜೊತೆಗೇ ಸಾಹೇಬರ ಬಡ್ತಿಯೂ ಮೇಲಕ್ಕೆ ಹೋಗಬೇಕಿತ್ತು. ಗಡಿಯಾರ ಆಗಲೇ ಹನ್ನೆರಡೂವರೆ ತೋರಿಸುತ್ತಿತ್ತು.

ಲಿಫ್ಟ್ ಇರಲಿಲ್ಲವೇ ಎಂದರೆ, ಇತ್ತು. ಅದಕ್ಕೆ ಬೀಗ ಜಡಿಸಿದ ಪುಣ್ಯಾತ್ಮರು ಇವರೇ. ಊರಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ ಖಜಾನೆ ಬರಿದಾದಾಗ, ಖರ್ಚೂ ಉಳಿಯಬೇಕು, ಪರಿಸರವೂ ಉಳಿಯಬೇಕು, ಏನಾದರೂ ಮಾಡಿ ಎಂದು ಮೇಲಿನಿಂದ ಆದೇಶ ಬಂದಿತ್ತು. ಒಂದೇ ಕಲ್ಲಿಗೆ ಎರಡು ಹಕ್ಕಿ ಎಂದು ಸಾಹೇಬರು ಲಿಫ್ಟ್ ನಿಲ್ಲಿಸಿ, ನೂರಾ ಹತ್ತು ಮೆಟ್ಟಿಲಿಗೂ ಒಂದೊಂದು ಹಸಿರು ಎಲೆ ಬರೆಸಿದರು. ಅಂದಿನಿಂದ ಅವರ ಹೆಸರು ಎಲೆ ಸಾಹೇಬ. ಜನ ಪ್ರೀತಿಯಿಂದ ಕರೆಯುತ್ತಾರೆಂದೇ ಅವರು ನಂಬಿದ್ದರು. ಲಿಫ್ಟಿನ ಬೀಗದ ಕೈ ಐದನೆಯ ಮಹಡಿಯಲ್ಲಿ, ಅವರದೇ ಬೀರುವಿನೊಳಗೆ ಭದ್ರವಾಗಿತ್ತು.

ಕಾಯಿಲೆ ಬಿದ್ದು ದುಡಿಯಲಾಗದವರಿಗೆ ಭತ್ಯೆ ಕೊಡುವ ಕಚೇರಿ ಅದು. ಆರು ತಿಂಗಳಲ್ಲಿ ವಿದ್ಯುತ್ತಿನ ಖರ್ಚು ಮೂರನೇ ಒಂದು ಭಾಗ ಇಳಿಯಿತು. ಇನ್ನೂ ಆಶ್ಚರ್ಯವೆಂದರೆ, ಬರುವ ಅರ್ಜಿಗಳು ಅರ್ಧಕ್ಕಿಳಿದವು. ಸಾಹೇಬರು ಹಿಗ್ಗಿ ಹೀರೇಕಾಯಿಯಾಗಿ ವರದಿಯಲ್ಲಿ ಬರೆದರು: "ಮೆಟ್ಟಿಲು ಹತ್ತುವ ಅಭ್ಯಾಸದಿಂದ ನಾಗರಿಕರ ಆರೋಗ್ಯ ಗಣನೀಯವಾಗಿ ಸುಧಾರಿಸಿದ್ದು, ಭತ್ಯೆಯ ಮೊತ್ತವನ್ನು ಅರ್ಧಕ್ಕೆ ಇಳಿಸಬಹುದಾಗಿದೆ." ಈ ವಾಕ್ಯವನ್ನು ಹೆಂಡತಿಗೆ ಮೂರು ಸಲ ಓದಿ ಹೇಳಿದ್ದರು. ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಕಾಲು ಊದಿಸಿಕೊಂಡು ಹೊರಟವರಿಗೆ ಆಕೆ ಹೇಳಿದ್ದು ಇಷ್ಟೇ: "ಆ ವಾಕ್ಯನ ಸ್ವಲ್ಪ ನಿಮ್ಮ ಕಾಲಿಗೂ ಓದಿ ಹೇಳಿ."

"ಮೊದಲ್ನೇ ಸಲನಾ ತಮ್ಮಾ?"

ಸಾಹೇಬರು ತಿರುಗಿ ನೋಡಿದರು. ಗೋಡೆಗೆ ಒರಗಿ ಒಬ್ಬ ಹೆಂಗಸು ಕೂತಿದ್ದಳು. ನೂಲಿನ ಗಿರಣಿಯಲ್ಲಿ ಇಪ್ಪತ್ತು ವರ್ಷ ಧೂಳು ಕುಡಿದವಳಂತೆ. ಗಿರಣಿ ಮುಚ್ಚಿತು, ಉಬ್ಬಸ ಮಾತ್ರ ಉಳಿಯಿತು ಎಂದಳು. ಮಡಿಲಲ್ಲಿ ಅಂಚು ಮುದುಡಿದ ಅರ್ಜಿಯಿತ್ತು.

"ಮೊದಲ್ನೇ ಸಲ ಬಂದವ್ರು ಹೇಗೋ ಇಲ್ಲೀತನಕ ಬರ್ತಾರೆ," ಅವಳು ಉಸಿರು ಎಳೆದುಕೊಳ್ಳುತ್ತ ವಿವರಿಸಿದಳು. "ಎರಡ್ನೇ ಸಲ ಎರಡ್ನೇ ಮಹಡಿ. ಮೂರ್ನೇ ಸಲ ಕೆಳಗಡೆ ಬಾಗಿಲಲ್ಲೇ ನಿಂತು, ಮೇಲೆ ನೋಡಿ, ಮನೆಗೆ ಹೋಗ್ತಾರೆ. ಆಮೇಲೆ ಬರೋದೇ ಇಲ್ಲ. ನಂದು ನಾಲ್ಕನೇ ಸಲ. ನಾನು ಸ್ವಲ್ಪ ಹಟಮಾರಿ."

ಕಾಣೆಯಾಗಿದ್ದ ಅರ್ಧ ಅರ್ಜಿಗಳು ಎಲ್ಲಿಗೆ ಹೋದವು ಎಂಬುದು ಸಾಹೇಬರಿಗೆ ಆಗ ಹೊಳೆಯಿತು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಅದ್ಯಾವನೋ ಎಲೆ ಸಾಹೇಬ ಅಂತೆ," ಅವಳೆಂದಳು. "ಬುದ್ಧಿನ ಎಲ್ಲಿ ಇಟ್ಟಿದಾನೋ!"

"ಇದ್ದಿದ್ರೆ ತಾನೆ ಇಡೋಕೆ," ಎಂದರು ಸಾಹೇಬರು.

ಅವಳು ನಕ್ಕಳು. ಇಬ್ಬರೂ ಸೇರಿ ಎಲೆ ಸಾಹೇಬನಿಗೆ ಹಿಗ್ಗಾಮುಗ್ಗಾ ಬೈದರು. ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗಲೆಲ್ಲ ಇವರು ಮುಂದುವರಿಸಿದರು. ಒಳಗಿನ ಮಾಹಿತಿ ಇದ್ದದ್ದರಿಂದ ಇವರ ಬೈಗುಳದಲ್ಲೇ ಹೆಚ್ಚು ಹುರುಳಿತ್ತು.

ಅಷ್ಟರಲ್ಲಿ ಮೇಲಿನ ಕಂಬಿಯಿಂದ ಜವಾನನ ತಲೆ ಇಣುಕಿತು. "ಸಾರ್! ಸಾಹೇಬ್ರೇ! ಒಂದು ಗಂಟೆಗೆ ಫೈಲು ಹೋಗ್ತಾ ಇದೆ. ನಿಮ್ಮ ವರದಿ ಇಲ್ದಿದ್ರೆ ಈ ವರ್ಷದ ಭತ್ಯೆನೇ ಮುಂದಿನ ವರ್ಷಕ್ಕೂ ಹಾಗೇ ಮುಂದುವರಿಸ್ತಾರಂತೆ. ನಾನೇ ಇಳಿದು ಬಂದು ತಗೊಂಡು ಹೋಗ್ಲಾ?"

ಸಾಹೇಬರು ಚೀಲವನ್ನು ಎದೆಗೆ ಅವುಚಿಕೊಂಡರು. ಬಡ್ತಿ, ಹೊಸ ಕುರ್ಚಿ, ಹೆಂಡತಿಯ ಮುಂದೆ ಉಳಿಸಿಕೊಳ್ಳಬೇಕಾದ ಮರ್ಯಾದೆ ಎಲ್ಲ ಒಮ್ಮೆ ಕಣ್ಮುಂದೆ ಸುಳಿದುಹೋದವು. ಬಿಟ್ಟುಕೊಡಲು ಮನಸ್ಸಿರಲಿಲ್ಲ, ಸುಳ್ಳೇಕೆ ಹೇಳಬೇಕು.

"ಬೇಡಪ್ಪಾ! ನಾನೇ ಬರ್ತಾ ಇದೀನಿ!" ಎಂದು ಕೂಗಿ, ಕೂತಲ್ಲೇ ಕೂತರು. ಅಧಿಕಾರಿಯಾದ ಮೇಲೆ ಅವರು ಮಾಡಿದ ಮೊದಲ ಜನೋಪಯೋಗಿ ಕೆಲಸ ಅದು.

ಹೆಂಗಸು ಇವರನ್ನು ತಲೆಯಿಂದ ಊದಿದ ಕಾಲಿನವರೆಗೆ ನೋಡಿದಳು. "ಅಯ್ಯೋ, ಅಷ್ಟೊಂದು ಬೈದ್ಬಿಟ್ನಲ್ಲಾ!"

"ಕಮ್ಮಿನೇ ಆಯ್ತು ಅಕ್ಕಾ. ಅರ್ಜಿ ಕೊಡಿ."

ಮೊಣಕಾಲ ಮೇಲಿಟ್ಟುಕೊಂಡು 'ಸ್ವೀಕರಿಸಿದೆ' ಎಂದು ಬರೆದು ಸಹಿ ಹಾಕಿದರು. ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಕಂಬಿ ಹಿಡಿದು ಎದ್ದು, ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕೆಳಕ್ಕೆ ಕೂಗಿದಳು: "ಯಾರೂ ವಾಪಸ್ ಹೋಗ್ಬೇಡೀ! ಸಾಹೇಬ್ರು ನಮಗೋಸ್ಕರ ಇಳಿದು ಬಂದಿದಾರೇ!"

ಇಳಿದು ಬಂದದ್ದಲ್ಲ, ಹತ್ತಲಾಗದೆ ಕೂತದ್ದು ಎಂದು ತಿದ್ದಲು ಸಾಹೇಬರು ಬಾಯಿ ತೆರೆದರು. ಕೆಳಗೆ ಹೊರಬಾಗಿಲ ಕಡೆ ಹೊರಟಿದ್ದ ಊರುಗೋಲೊಂದರ ಸದ್ದು ನಿಂತಿತು. ಮರುಗಳಿಗೆ ಮೊದಲ ಮೆಟ್ಟಿಲ ಮೇಲೆ ಟಕ್ ಎಂದಿತು.

"ಹತ್ತಬೇಡಿ, ಅಲ್ಲೇ ಇರಿ!" ಎಂದು ಸಾಹೇಬರು ಕೂಗಿದರು. ಚೀಲದಿಂದ ವರದಿಯನ್ನು ತೆಗೆದು ಚಾಪೆಯಂತೆ ತಮ್ಮ ಅಡಿಗೆ ಹಾಸಿಕೊಂಡು, ಪೆನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕೂತಲ್ಲಿಂದಲೇ ಒಂದೊಂದು ಮೆಟ್ಟಿಲು ಜಾರುತ್ತ ಕೆಳಗಿಳಿಯತೊಡಗಿದರು.