ಪರದೆಯ ಚೀಲ

ಬೆರಿಲ್ ಪೇಟೆಯಿಂದ ಬರುವಷ್ಟರಲ್ಲಿ ಬೀದಿ ಕಡೆಯ ಕಿಟಕಿಗೆ ಬಿಳಿ ಗುಲಾಬಿ ಚಿತ್ತಾರದ ತೆಳು ಜಾಲರಿ ಪರದೆ ಇರಲಿಲ್ಲ. ಅದು ಅವಳ ಹೊಲಿಗೆ ಯಂತ್ರದ ಸೂಜಿಗೆ ಸಿಕ್ಕಿಕೊಂಡಿತ್ತು. ಯಂತ್ರದ ಮುಂದೆ ಅವಳ ಗಂಡ ನೆವಿಲ್ ಕೂತಿದ್ದ.

"ಏನಿದು?"

"ಚೀಲ. ಇನ್ಮೇಲೆ ಅಂಗಡಿಯ ಡಬ್ಬಿ ಪಾಕಕ್ಕೆ ನೀರು ಬೆರೆಸಿ ಬಿಯರ್ ಮಾಡಲ್ಲ. ಮೊಳಕೆ ಬರಿಸಿದ ಬಾರ್ಲಿ ಮಾಲ್ಟನ್ನೇ ಚೀಲಕ್ಕೆ ಹಾಕಿ ಬಿಸಿನೀರಲ್ಲಿ ನೆನೆಸೋದು."

"ದೊಡ್ಡ ಟೀ ಬ್ಯಾಗ್ ಅಂತ ಹೇಳು. ಅದು ಅಂಗಡೀಲಿ ಸಿಗಲ್ವಾ?"

"ಸಿಗುತ್ತೆ. ಪರದೆ ಬಟ್ಟೆ ಇನ್ನೂ ಚೆನ್ನಾಗಿ ಸೋಸುತ್ತೆ."

"ಬೀದೀಲಿ ಹೋಗೋರೆಲ್ಲ ಇಣುಕ್ತಾರಲ್ಲೋ!"

"ಇಣುಕಲಿ ಬಿಡು. ನಮ್ಮನೇಲಿ ನೋಡೋಕೆ ಏನಿದೆ?"

ಇದ್ದದ್ದು ಕಿಟಕಿ ಪಕ್ಕದ ಕುಂಡದ ಗಿಡ. ಬೆರಿಲ್ ಅದಕ್ಕೆ ನೀರು ಹಾಕಿದ್ದೇ ಇಲ್ಲ, ಆದರೂ ಸೊಂಪಾಗಿ ಬೆಳೆದಿತ್ತು. ಅದರ ಪಕ್ಕದ ಕುರ್ಚಿ ಅವಳ ಅಣ್ಣ ಡೆಸ್ಮಂಡನದು. ಬಿಯರ್ ಕಾರ್ಖಾನೆಯಲ್ಲೇ ತಲೆ ನರೆಸಿಕೊಂಡವನು. ಪ್ರತಿ ಭಾನುವಾರ ನೆವಿಲ್ ಅವನಿಗೆ ತಾನೇ ಮಾಡಿದ ಬಿಯರ್ ಕೊಟ್ಟು ಅವನ ಬಾಯನ್ನೇ ನೋಡುತ್ತಿದ್ದ. "ಪರ್ವಾಗಿಲ್ಲ," ಎನ್ನುತ್ತಿದ್ದ ಡೆಸ್ಮಂಡ್. ಅವರಿದ್ದ ಯಾರ್ಕ್‌ಷೈರಿನಲ್ಲಿ ಮದುಮಗಳಿಗೂ ಅದೇ ಮಾತು, ಶವಸಂಸ್ಕಾರದ ದಿನದ ಸ್ಯಾಂಡ್‌ವಿಚ್‌ಗೂ ಅದೇ ಮಾತು. ಒಂದೇ ಒಂದು ಸಲ ನಿಜ ಏನೆಂದು ತಿಳಿಯಬೇಕೆಂದು ನೆವಿಲ್‌ಗೆ ಆಸೆ.

ಆ ಭಾನುವಾರ ಡಬ್ಬಿ ಪಾಕದ ಬಿಯರಿನ ಕೊನೆಯ ಬಾಟಲಿ. ಡೆಸ್ಮಂಡನ ಕೈಗೆ ಗ್ಲಾಸು ಕೊಟ್ಟು ನೆವಿಲ್ ಕಸದ ಡಬ್ಬಿಯನ್ನು ಬೀದಿಗಿಡಲು ಹೋದ. ಇಟ್ಟು ತಿರುಗಿದರೆ, ಪರದೆ ಇಲ್ಲದ ಕಿಟಕಿಯಲ್ಲಿ ಡೆಸ್ಮಂಡ್ ಗ್ಲಾಸನ್ನು ಕುಂಡಕ್ಕೆ ಬಗ್ಗಿಸುತ್ತಿದ್ದ. ಒಂದು ತೊಟ್ಟೂ ಹೊರಗೆ ಚೆಲ್ಲಲಿಲ್ಲ. ಕೈ ಪಳಗಿತ್ತು.

ಒಳಗೆ ಬಂದ ನೆವಿಲ್‌ಗೆ ಖಾಲಿ ಗ್ಲಾಸು ಕೊಟ್ಟು, "ಪರ್ವಾಗಿಲ್ಲ," ಎಂದ. ನೆವಿಲ್‌ಗೆ ಅವಮಾನದಿಂದ ಮುಖ ಸುಟ್ಟ ಹಾಗಾಯಿತು. ಗ್ಲಾಸು ತೊಳೆಯಲು ಅಡುಗೆಮನೆಗೆ ಹೋದ.

ಮರುದಿನ ಮಾಲ್ಟನ್ನು ನೆನೆಸಿ ಚೀಲವನ್ನು ಮೇಲಕ್ಕೆತ್ತಿದ. ಪರದೆಯ ಬಿಳಿ ಗುಲಾಬಿಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಕೈಗವಸು ಹಾಕಿಕೊಂಡು ಚೀಲದ ಕತ್ತು ಹಿಡಿದು ಹಿಂಡಿದ. ಹಿಂಡಿದರೆ ಬಿಯರ್ ಒಗರಾಗುತ್ತೆ, ಹಿಂಡಬಾರದು ಎನ್ನುವವರೂ ಇದ್ದಾರೆ. ಅವರಿಗೆ ಹೆಂಡತಿಯ ಅಣ್ಣಂದಿರು ಇರಲಿಕ್ಕಿಲ್ಲ.

ಹೊಸ ಬಿಯರ್ ತಯಾರಾದ ಭಾನುವಾರವೂ ಗ್ಲಾಸು ಕೊಟ್ಟು ಕಸದ ಡಬ್ಬಿ ಹಿಡಿದು ಹೊರಗೆ ಹೋದ. ಆದರೆ ತಿರುಗಿ ನೋಡಲು ಧೈರ್ಯ ಬರಲಿಲ್ಲ. ಎದುರು ಮನೆಯ ಬಾಗಿಲನ್ನೇ ನೋಡುತ್ತ ನಿಂತು, ಒಳಗೆ ಬಂದ.

"ಪರ್ವಾಗಿಲ್ಲ," ಎಂದ ಡೆಸ್ಮಂಡ್. ಗ್ಲಾಸು ಖಾಲಿ. ಮುಂದಿನ ಭಾನುವಾರಗಳಲ್ಲೂ ಅಷ್ಟೇ.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಬೆರಿಲ್ ಕಿಟಕಿಯ ಬಳಿಯಿಂದ ಕೂಗಿದಳು. "ನೆವಿಲ್, ಇಲ್ನೋಡು, ಗಿಡ ಒಣಗ್ತಾ ಇದೆ! ಎಲೆಯೆಲ್ಲ ಹಳದಿ. ಸ್ವಲ್ಪ ನೀರು ಹಾಕ್ಲಾ?"

ನೆವಿಲ್ ಬಂದು ಕುಂಡದ ಮಣ್ಣಿಗೆ ಬೆರಳಿಟ್ಟು ನೋಡಿದ. ಒಣಗಿ ಬಿರುಕು ಬಿಟ್ಟಿತ್ತು. ಅವನ ಕಣ್ಣು ತುಂಬಿ ಬಂತು.

"ಬೇಡ," ಎಂದ. "ಪರ್ವಾಗಿಲ್ಲ."