ಬಾತುಕೋಳಿಗೆ ಹೆದರಿದ ಅಂಬಿಗ

"ಅಕ್ಕಾ, ಖಾಂಗ್ ಬರ್ತಿದಾನೆ. ಕೈಯಲ್ಲಿ ಕತ್ತಿ ಇದೆ."

ತಂಗಿ ಥೋಮ್ ಇಷ್ಟು ಹೇಳಿ ಕಾಲುವೆ ಕಡೆಯ ಬಾಗಿಲು ಎಳೆದುಕೊಂಡಳು. ದಿಯೆಪ್ ಬರೆಯುತ್ತಿದ್ದ ಹಾಳೆಯನ್ನು ಮಗುಚಿ ಅದರ ಮೇಲೆ ಕನ್ನಡಕ ಇಟ್ಟಳು. ಐದು ದಿನದಿಂದ ಹೆದರಿಕೊಂಡೇ ಕಾಯುತ್ತಿದ್ದ ಗಳಿಗೆ ಬಂದಿತ್ತು.

ಹೌ ನದಿಯ ದಂಡೆಯ ಆ ಊರಿನಲ್ಲಿ ಅವಳು ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವಳು. ಮಕ್ಕಳಿಗೆಂದು ಬರೆದ ಎರಡು ಪುಸ್ತಕಗಳೂ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಉಳಿದದ್ದು ಊರಿನ ಧ್ವನಿವರ್ಧಕ ಒಂದೇ. ಬೆಳಿಗ್ಗೆ ಐದೂವರೆಗೆ ಭತ್ತದ ಧಾರಣೆ, ಲಸಿಕೆ ಹಾಕುವ ದಿನ, ಕಳೆದುಹೋದ ಹಂದಿಮರಿ ಎಲ್ಲ ಮುಗಿದ ಮೇಲೆ ಅವಳಿಗೆ ಐದು ನಿಮಿಷ. ದಿನಕ್ಕೊಂದು ಹೊಸ ಪದ್ಯ. ಅಕ್ಕಿ ತೊಳೆಯುವವರು, ಹಲ್ಲುಜ್ಜುವವರು, ಬಲೆ ಎಳೆಯುವವರು ಎಲ್ಲರೂ ಕೇಳಲೇಬೇಕು, ತಪ್ಪಿಸಿಕೊಳ್ಳಲು ದಾರಿಯಿಲ್ಲ. ಕಳೆದ ಸೋಮವಾರ ಓದಿದ್ದು ಇದು:

ಮೀಸೆ ತಿರುವೋ ದೋಣಿ ಮಾವ
ಹೊಳೆಗೇ ಹೆದರೋನಲ್ಲ;
ಬಾತುಕೋಳಿ ಕ್ವಾಕ್ ಅಂದ್ರೆ
ದೋಣೀಲಿ ಅವನೇ ಇಲ್ಲ!

ಮಧ್ಯಾಹ್ನದ ಹೊತ್ತಿಗೆ ಅದು ಊರಿನ ಅಷ್ಟೂ ಮಕ್ಕಳ ಬಾಯಲ್ಲಿತ್ತು. ಊರಿನಲ್ಲಿ ಮೀಸೆ ಇದ್ದ ಅಂಬಿಗ ಒಬ್ಬನೇ, ಕೆಳಗಿನ ಕಡವಿನಲ್ಲಿ ಜನರನ್ನು ಹೊಳೆ ದಾಟಿಸುವ ಖಾಂಗ್. ಅರವತ್ತು ದಾಟಿದ ಆಳು. ಅವನು ನಕ್ಕದ್ದನ್ನು ಕಂಡವರಿಲ್ಲ. ಹಾರ್ನ್ ಹೊಡೆದು ಅವಸರ ಮಾಡಿದವನೊಬ್ಬನ ಮೋಟಾರ್ ಬೈಕನ್ನು ನಡುಹೊಳೆಯಲ್ಲಿ ಎತ್ತಿ ಹಾಕಿದ್ದನಂತೆ.

"ನಿನ್ನೆ ಕಾಫಿ ಅಂಗಡೀಲಿ ಮೇಲಿನ ಕಡವಿನ ಅಂಬಿಗ ಸಾಂಗ್ ನಿನ್ನ ಪದ್ಯದ ಮಾತೆತ್ತಿದ್ನಂತೆ," ಎಂದಳು ಥೋಮ್, ಬಾಗಿಲ ಸಂದಿಗೆ ಕಣ್ಣಿಟ್ಟು. "ಇವನು ಮೇಜನ್ನೇ ಮಗುಚಿದ್ನಂತೆ. ಮೂರು ಲೋಟ ಹೋದ್ವು."

"ಬರೆಯೋವಾಗ ಇವನ ನೆನಪೇ ಇರ್ಲಿಲ್ಲ ಕಣೇ. ಮೀಸೆ ಬಂದಿದ್ದು ಲಯಕ್ಕೆ."

"ಹಾಗಂತ ಆ ಕತ್ತಿಗೆ ಹೇಳು."

ಖಾಂಗ್ ಬಾಗಿಲು ತಟ್ಟಲಿಲ್ಲ, ತಳ್ಳಿದ. ಚಪ್ಪಲಿ ಕಳಚಿ ಒಳಗೆ ಬಂದು, ತೆಂಗು ಕೆತ್ತುವ ಕತ್ತಿಯನ್ನು ಅವಳ ಹಾಳೆಗಳ ಪಕ್ಕದಲ್ಲೇ ಇಟ್ಟು ಕುಳಿತ. ಥೋಮ್ ಚಹಾ ತರುವ ನೆವದಲ್ಲಿ ಅಡುಗೆಮನೆ ಸೇರಿ ಅಲ್ಲೇ ನಿಂತುಬಿಟ್ಟಳು.

"ಆ ಪದ್ಯ ಬರೆದಿದ್ದು ನೀವೇ ತಾನೆ, ಟೀಚರ್?"

"ನಾನೇ."

"ದೋಣಿ ಹತ್ತೋರೆಲ್ಲ ಕ್ವಾಕ್ ಅಂತಾರೆ. ಇಳಿಯೋರೂ ಕ್ವಾಕ್ ಅಂತಾರೆ. ಮೊನ್ನೆ ಪಗೋಡದ ದೊಡ್ಡ ಭಿಕ್ಷುಗಳೂ ಅಂದ್ರು."

"ತಪ್ಪಾಯ್ತು, ಖಾಂಗ್."

ಅದು ಅವನ ಕಿವಿಗೆ ಬಿದ್ದಂತಿರಲಿಲ್ಲ. "ಮನೇಲಿ ಮೊಮ್ಮಗಳಿದಾಳೆ. ಮೇನ್ ಅಂತ, ಐದು ವರ್ಷ. ಅವಳಮ್ಮ ಸೈಗಾನಿನ ಬಟ್ಟೆ ಕಾರ್ಖಾನೆಗೆ ಹೋಗುವಾಗ ಬಿಟ್ಟುಹೋದ್ಲು. ಹೊಸ ವರ್ಷ ಕಳೆದಾಗಿಂದ ಆ ಮಗು ನನ್ನ ಹತ್ರ ಒಂದು ಮಾತೂ ಆಡಿರ್ಲಿಲ್ಲ. ನಾನು ಒಳಗೆ ಬಂದ್ರೆ ಮಂಚದ ಕೆಳಗೆ ಹೋಗೋದು. ಸೋಮವಾರ ಸಂಜೆ ಊಟಕ್ಕೆ ಕೂತಿದ್ದೆ. ಹಿಂದಿನಿಂದ ಬಂದು, ನನ್ನ ಕಿವಿ ಹತ್ರ ಬಾಯಿಟ್ಟು..."

ಅವನು ಕತ್ತಿಯ ಹಿಡಿಯನ್ನು ಸುಮ್ಮನೆ ಒಮ್ಮೆ ಸವರಿದ.

"ಅವಳು ನನ್ನ ಜೊತೆ ಆಡಿದ ಮೊದಲನೇ ಮಾತು, ಟೀಚರ್. ಕ್ವಾಕ್."

ದಿಯೆಪ್ ತಲೆ ತಗ್ಗಿಸಿದಳು. ಇಷ್ಟು ವರ್ಷ ಮಕ್ಕಳನ್ನು ನಗಿಸಲೆಂದೇ ಬರೆದವಳು. ತನ್ನ ಸಾಲು ಒಂದು ಮಗುವಿನ ಬಾಯಲ್ಲಿ ಹೀಗೆ ಎಸೆಯುವ ಕಲ್ಲಾದೀತೆಂದು ಅವಳು ಎಣಿಸಿರಲಿಲ್ಲ.

"ಆಮೇಲೆ?"

"ಆಮೇಲೇನು. ಕೈಯಲ್ಲಿದ್ದ ಅನ್ನದ ಬಟ್ಟಲು ಕೆಳಗೆ ಬಿತ್ತು. ಇವತ್ತು ನೆಟ್ಟಗೆ ಮುಖ ನೋಡಿ ಕೇಳಿದ್ಲು, ತಾತ, ಅದು ನೀನಾ ಅಂತ. ನಾಳೆ ಹೇಳ್ತೀನಿ ಅಂದೆ."

"ನಾಳೇನೇ ಮೈಕಲ್ಲಿ ಹೇಳ್ಬಿಡ್ತೀನಿ," ಎಂದಳು ದಿಯೆಪ್ ಅವಸರವಾಗಿ. "ಅದು ನೀವಲ್ಲ ಅಂತ."

ಖಾಂಗನ ಮುಖ ಕಪ್ಪಿಟ್ಟಿತು. "ಹಾಗಂದ್ರೆ ನಾನು ಸುಮ್ನಿರಲ್ಲ."

"ಪದ್ಯಾನೇ ತಿದ್ದಲಾ ಹಾಗಾದ್ರೆ? ಮೀಸೆ ತೆಗೆದು ಟೋಪಿ ಹಾಕ್ತೀನಿ. ದೋಣಿ ತೆಗೆದು ಗಾಡಿ..."

ಅವನು ಅಂಗೈಯಿಂದ ಮೇಜು ಬಡಿದ. ಕತ್ತಿ ಜಿಗಿದು ಬಿತ್ತು. ಅಡುಗೆಮನೆಯಲ್ಲಿ ಏನೋ ಉರುಳಿತು.

"ಒಂದಕ್ಷರ ಮುಟ್ಟಬೇಡಿ."

ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಸುತ್ತಿದ ಕಾಗದವೊಂದನ್ನು ತೆಗೆದು ಅವಳ ಮುಂದೆ ಬಿಡಿಸಿಟ್ಟ. "ಕಚೇರಿ ಗುಮಾಸ್ತನ ಕೈಲಿ ಬರೆಸಿದೀನಿ. ಸಹಿ ಹಾಕಿ. ಬೆಳಿಗ್ಗೆ ಇದನ್ನ ಮೈಕಲ್ಲಿ ಓದಿ. ಎರಡೂ ಕಡವಿಗೆ ಕೇಳಿಸ್ಬೇಕು."

ಕ್ಷಮಾಪಣೆ ಪತ್ರವೇ ಇರಬೇಕು. ಗುಮಾಸ್ತನವರೆಗೂ ಹೋಗಿದೆ ಅಂದಮೇಲೆ ಇವತ್ತು ಪತ್ರ, ನಾಳೆ ಅವಳ ಐದು ನಿಮಿಷಕ್ಕೆ ಬೀಗ. ಇನ್ನು ಮೇಲೆ ಪದ್ಯವನ್ನು ಗೋಡೆಗೆ ಓದಬೇಕು. ಇರಲಿ, ಮಂಚದ ಕೆಳಗೆ ಅಡಗುವ ಆ ಮಗುವಿಗಿಂತ ಮೈಕು ದೊಡ್ಡದಲ್ಲ. ಅವಳು ಪೆನ್ನು ತೆಗೆದು, ಗುಮಾಸ್ತ ಗೆರೆ ಎಳೆದ ಜಾಗದಲ್ಲಿ ತನ್ನ ಹೆಸರು ಬರೆದಳು.

"ಓದದೇ ಸಹಿ ಹಾಕ್ತೀರಾ?" ಖಾಂಗ್ ಹುಬ್ಬೇರಿಸಿದ. "ಮಕ್ಕಳಿಗೆ ಇದನ್ನೇ ಕಲಿಸಿದ್ರಾ? ಜೋರಾಗಿ ಓದಿ, ಮೈಕಲ್ಲಿ ಓದೋ ಹಾಗೆ. ಕೇಳಿಸ್ಕೊಂಡೇ ಹೋಗ್ತೀನಿ."

ದಿಯೆಪ್ ಕನ್ನಡಕ ಏರಿಸಿದಳು. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದಳು:

"ಸೋಮವಾರದ ಪದ್ಯದಲ್ಲಿ ಬಾತುಕೋಳಿಗೆ ಹೆದರಿ ಓಡಿದವರು ಕೆಳಗಿನ ಕಡವಿನ ಖಾಂಗ್, ಅಂದರೆ ಮೇನ್ ಎಂಬ ಮಗುವಿನ ತಾತನೇ ಹೊರತು, ಮೊನ್ನೆಯಿಂದ ಮೀಸೆ ಬಿಡಲು ಶುರುಮಾಡಿರುವ ಮೇಲಿನ ಕಡವಿನ ಸಾಂಗ್ ಅಲ್ಲವೇ ಅಲ್ಲವೆಂದು ಈ ಮೂಲಕ ದೃಢೀಕರಿಸುತ್ತೇನೆ."